ಕೋಟೋ, ನಾಗಸ್ವರ, ಸ್ಯಾಕ್ಸೋಫೋನ್

ಕೆಲಸ ಮುಗಿಸಿ ಬೆಲ್ಟ್‌ವೇ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ನಾನು ಕಾರಿನಲ್ಲಿ ಹಾಕುವುದು ಸ್ಮೂತ್ ಜಾಝ್. ತಲೆ ತಿನ್ನದ ಸಂಗೀತ. ಒಂದು ಸಂಜೆ ಕೀಬೋರ್ಡ್, ಡ್ರಮ್ಸ್ ನಡುವೆ ಯಾರೋ ವೀಣೆ ಮೀಟಿದ ಹಾಗೆ ಕೇಳಿಸಿತು. ಅದು ವೀಣೆಯಲ್ಲ, ಜಪಾನಿನ 13 ತಂತಿಗಳ ಕೋಟೋ. ಬ್ಯಾಂಡಿನ ಹೆಸರು ಹಿರೋಶಿಮಾ. ಲಾಸ್ ಏಂಜಲೀಸಿನ ಜಪಾನಿ ಮೂಲದವರು ಕಟ್ಟಿದ್ದು, ಮೊದಲ ಆಲ್ಬಮ್ ಬಂದದ್ದು 1979ರಲ್ಲಿ. ಕೋಟೋ ನುಡಿಸುವ ಜೂನ್ ಕುರಾಮೊಟೊ ಜಪಾನಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು.

ಅದೇ ದಿನಗಳಲ್ಲಿ, ಸ್ಕೂಲ್ ಬ್ಯಾಂಡಿನಲ್ಲಿರುವ ನನ್ನ ಮಗ ರಾಜ್ಯೋತ್ಸವಕ್ಕೆ ಸ್ಯಾಕ್ಸೋಫೋನ್ ನುಡಿಸ್ತೀನಿ ಅಂದ. ಪರಿಚಯದ ಹಿರಿಯರೊಬ್ಬರು, "ಅದು ನಮ್ಮ ವಾದ್ಯ ಅಲ್ವಲ್ಲಪ್ಪಾ" ಅಂದರು. ಹುಡುಗ ಪೆಟ್ಟಿಗೆ ಮುಚ್ಚಿಟ್ಟ. ನನಗೂ ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕುತ್ತಾ ಹೋದೆ.

ಕಥೆ ನಮ್ಮ ವಾಷಿಂಗ್ಟನ್ನಿನಿಂದಲೇ ಶುರುವಾಗುತ್ತದೆ. 1899ರಲ್ಲಿ ಇಲ್ಲಿ ಹುಟ್ಟಿದ ಡ್ಯೂಕ್ ಎಲಿಂಗ್ಟನ್ 1963ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ವಾದ್ಯವೃಂದ ಕಟ್ಟಿಕೊಂಡು ಭಾರತಕ್ಕೆ ಬಂದರು, ಮರುವರ್ಷ ಜಪಾನಿಗೆ ಹೋದರು. ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಬಾಲ್ಯದಲ್ಲಿ ಪಿಯಾನೋ ಮುಟ್ಟಿದ್ದು ನಾರ್ತ್ ಕ್ಯಾರೊಲಿನಾದ ಹಿಲ್ಸ್‌ಬರೋದಲ್ಲಿ, ಅಜ್ಜಿಯ ಮನೆಯಲ್ಲಿ. ಇಬ್ಬರೂ ಸೇರಿ 'ಫಾರ್ ಈಸ್ಟ್ ಸ್ವೀಟ್' ಮಾಡಿದರು. ಅದರಲ್ಲಿ ದೆಹಲಿಯ ಮೈನಾ ಹಕ್ಕಿಯ ಕೂಗಿನಿಂದ ಹುಟ್ಟಿದ ರಚನೆಯೂ ಇದೆ. ದೆಹಲಿಯನ್ನು ಫಾರ್ ಈಸ್ಟ್‌ಗೆ ಸೇರಿಸಿದ್ದು ತಮಾಷೆಯೇ. ನಿಜವಾಗಿ ಜಪಾನಿನದು ಕೊನೆಯ ರಚನೆ ಮಾತ್ರ.

ಇದು ಪ್ರವಾಸಿಯ ಕಣ್ಣಿನ ಸಂಗೀತ ಅಂತ ನನ್ನ ಅಭಿಪ್ರಾಯ. ಸೊಗಸಾಗಿದೆ, ಆದರೆ ಹೊರಗೆ ನಿಂತು ನೋಡಿದ್ದು. ಒಳಗಿನಿಂದ ಮಾಡಿದವರು ತೊಶಿಕೊ ಅಕಿಯೋಶಿ. 1956ರಲ್ಲಿ ಓದಲು ಬಾಸ್ಟನ್ನಿಗೆ ಬಂದ ಪಿಯಾನೋ ವಾದಕಿ. 1974ರ 'ಕೊಗುನ್' ರಚನೆಯಲ್ಲಿ ಜಾಝ್ ವೃಂದದ ಜೊತೆಗೆ ನೋ ನಾಟಕದ ತ್ಸುಜುಮಿ ಡೋಲನ್ನು ಕೂರಿಸಿದರು. ಅದೇ ವರ್ಷ ಡ್ಯೂಕ್ ತೀರಿಕೊಂಡರು. ಅವರು ತಮ್ಮ ಜನರ ಪರಂಪರೆಯನ್ನು ಸಂಗೀತದಲ್ಲಿ ಹೇಗೆ ಉಳಿಸಿಕೊಂಡಿದ್ದರು ಎಂಬ ಬರಹ ಓದಿ ತೊಶಿಕೊ ಈ ದಾರಿಯನ್ನೇ ಗಟ್ಟಿಯಾಗಿ ಹಿಡಿದರು.

ಇಲ್ಲಿಂದ ಬೆಂಗಳೂರು ಒಂದೇ ಹೆಜ್ಜೆ. ತೊಶಿಕೊ ಅವರ ಮೊದಲ ಪತಿ ಚಾರ್ಲಿ ಮೇರಿಯಾನೊ, ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ. ಅವರು ಮಲೇಷ್ಯಾದಲ್ಲಿ ನಾಗಸ್ವರ ಕೇಳಿ ಮರುಳಾದರು. ಆಗಲೇ ಹೆಸರು ಮಾಡಿದ್ದ ಮನುಷ್ಯ ಮತ್ತೆ ಶಿಷ್ಯನಾಗಿ ಕೂತು ಅದನ್ನು ಕಲಿತರು. 1983ರಲ್ಲಿ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ 'ಜ್ಯೋತಿ' ಆಲ್ಬಮ್ ಮಾಡಿದರು.

ಅವರು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಬಂದರೆ, ನಮ್ಮ ಬಂಟ್ವಾಳ ತಾಲೂಕಿನ ಕದ್ರಿ ಗೋಪಾಲನಾಥರು ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಹೋದರು! ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನ್ ಹುಡುಗನ ತಲೆಗೆ ಹತ್ತಿತು. ಕೀಲಿಗಳ ವಾದ್ಯದಲ್ಲಿ ಗಮಕ ಎಲ್ಲಿಂದ ಬರಬೇಕು? ವಾದ್ಯವನ್ನೇ ಬೇಕಾದ ಹಾಗೆ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಅದರಿಂದ ಕರ್ನಾಟಕ ಸಂಗೀತ ಹೊರಡಿಸಿದರು. ಕೊಲೊರಾಡೋದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪನಿಗೆ ಅಣ್ಣ ತಮಾಷೆಗೆ ಅಂತ ಕೊಟ್ಟದ್ದು ಕದ್ರಿಯವರ ಆಲ್ಬಮ್. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ತಂದರು.

ಇದನ್ನೆಲ್ಲ ಮಗನಿಗೆ ಹೇಳಿ, ಕದ್ರಿಯವರ ವಿಡಿಯೋ ತೋರಿಸಿದೆ. ಪೆಟ್ಟಿಗೆ ಮತ್ತೆ ತೆರೆದಿದೆ. ಈಗ ಮೋಹನ ರಾಗ ಹಿಡಿದಿದ್ದಾನೆ. ಸ ರಿ ಗ ಪ ದ, ಐದೇ ಸ್ವರ. ಜಪಾನಿನಲ್ಲೂ ಇವೇ ಐದು ಸ್ವರಗಳ ಧಾಟಿಯೊಂದಿದೆ, ಯೊನಾನುಕಿ ಅಂತಾರೆ. ಅದನ್ನು ಕಂಡುಹಿಡಿದು ನನಗೆ ಹೇಳಿದ್ದು ಅವನೇ. ಗಮಕ ಇನ್ನೂ ಬರ್ತಾ ಇಲ್ಲ. ಪಕ್ಕದ ಟೌನ್‌ಹೌಸಿನವರು ರಾತ್ರಿ ಒಂಬತ್ತರ ಮೇಲೆ ಬೇಡಪ್ಪಾ ಅಂದಿದ್ದಾರೆ. ಈ ಸಲದ ರಾಜ್ಯೋತ್ಸವಕ್ಕೆ ಅವನ ಹೆಸರು ಕೊಟ್ಟಿದ್ದೇನೆ.