ಮೀಸೆಯೂ ಮರ್ಯಾದೆಯೂ

ಕಾರಹುಣ್ಣಿಮೆ ಬಂತೆಂದರೆ ನಮ್ಮ ರಾಯಚೂರಿನಲ್ಲಿ ಮುಂಗಾರು ಹಬ್ಬದ ಸಡಗರ. ಎತ್ತುಗಳು ಭಾರದ ಕಲ್ಲು ಎಳೆಯುವುದನ್ನೂ ಪೈಲ್ವಾನರು ಕುಸ್ತಿ ಆಡುವುದನ್ನೂ ನೀವು ನೋಡಿರಬಹುದು. ತೊಡೆ ತಟ್ಟಿ, ಮೀಸೆಯ ಮೇಲೆ ಕೈಯಾಡಿಸಿ ಕಣಕ್ಕಿಳಿಯುವ ಪೈಲ್ವಾನನನ್ನು ಕಂಡರೆ ಹಿರಿಯರ ಗಾದೆಯೊಂದು ನೆನಪಾಗುತ್ತದೆ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸೋತರೂ ಸೋಲೊಪ್ಪದವನನ್ನು ಗೇಲಿ ಮಾಡುವ ಮಾತು ಇದು. ಆದರೆ ಮೂಗಿನ ಕೆಳಗಿನ ನಾಲ್ಕು ಕೂದಲಿಗೂ ಮನುಷ್ಯನ ಮಾನಕ್ಕೂ ಇರುವ ನಂಟನ್ನೂ ಅದು ಹೇಳುತ್ತದೆ.

ನಮ್ಮ ಊರಿನ ಸಂತೆಯಲ್ಲಿ ನಿಂತರೆ ಮೂರು ಭಾಷೆಗಳು ಕಿವಿಗೆ ಬೀಳುತ್ತವೆ. ಕನ್ನಡದ ಮೀಸೆ ತೆಲುಗಿನಲ್ಲಿ ಮೀಸಂ, ಉರ್ದುವಿನಲ್ಲಿ ಮೂಂಛ್. ಕನ್ನಡದಲ್ಲಿ ಮೀಸೆ ತಿರುವುವುದು ಸವಾಲಿನ ಗುರುತು. ಉರ್ದುವಿನಲ್ಲಿ 'ಮೂಂಛ್ ನೀಚೀ ಹೋನಾ' ಎಂದರೆ ಮಾನ ಹೋಗುವುದು. 'ಮೂಂಛ್ ಕಾ ಬಾಲ್' ಎಂದರೆ ಬಹಳ ಆಪ್ತನಾದವನು. ಭಾಷೆ ಬೇರೆಯಾದರೂ ಭಾವ ಒಂದೇ.

ಇಸ್ಲಾಮಿನಲ್ಲಿ ಮೀಸೆಯನ್ನು ಕತ್ತರಿಸಿ ಒಪ್ಪವಾಗಿಡುವುದು ಫಿತ್ರತ್‌ಗೆ, ಅಂದರೆ ಮನುಷ್ಯನ ಸಹಜ ಸ್ವಭಾವಕ್ಕೆ, ಸೇರಿದ ಐದು ಸಂಗತಿಗಳಲ್ಲಿ ಒಂದೆಂದು ಸಹೀಹ್ ಬುಖಾರಿ ಮತ್ತು ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿ ಬಂದಿದೆ. ಉಗುರು ಕತ್ತರಿಸುವುದೂ ಅದೇ ಸಾಲಿನಲ್ಲಿದೆ. ಇದು ಶುಚಿತ್ವದ ಮಾತು, ಪ್ರತಿಯೊಬ್ಬನೂ ತನ್ನ ಶ್ರದ್ಧೆಯಿಂದ ಪಾಲಿಸುವ ಶಿಸ್ತು.

ಆದರೂ ಚರಿತ್ರೆಯಲ್ಲಿ ಎಲ್ಲರ ಮುಖವೂ ಒಂದೇ ಬಗೆಯದಾಗಿರಲಿಲ್ಲ. ಮೈಸೂರಿನ ಹೈದರ್ ಅಲಿ ಗಡ್ಡವನ್ನೂ ಬಿಡಲಿಲ್ಲ, ಮೀಸೆಯನ್ನೂ ಬಿಡಲಿಲ್ಲ. ಅವರ ಮಗ ಟಿಪ್ಪು ಸುಲ್ತಾನರ ಚಿತ್ರಗಳಲ್ಲಿ ಗಡ್ಡವಿಲ್ಲ, ತೆಳುವಾದ ಮೀಸೆ ಮಾತ್ರ ಇದೆ. ರಾಯಚೂರು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲವೇ? ಆ ಸಂಸ್ಥಾನದ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ತೆಗೆದ ಚಿತ್ರಗಳನ್ನು ನೋಡಿ. ಮೀಸೆ ನೋಡಿ ಯಾರು ಹಿಂದೂ, ಯಾರು ಮುಸ್ಲಿಂ ಎಂದು ಹೇಳುವುದು ಸುಲಭವಲ್ಲ.

ಈಗ ಈ ಲೇಖನದ ಮುಖ್ಯ ಪ್ರಸಂಗಕ್ಕೆ ಬರೋಣ. 1799ರ ಮೇ 4ರಂದು ಟಿಪ್ಪು ಹುತಾತ್ಮರಾದ ಮೇಲೆ ಅವರ ಮಕ್ಕಳನ್ನು ಇಂಗ್ಲಿಷರು ವೆಲ್ಲೂರು ಕೋಟೆಯಲ್ಲಿಟ್ಟರು. 1805ರ ನವೆಂಬರಿನಲ್ಲಿ ಮದ್ರಾಸ್ ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಕ್ ಸಿಪಾಯಿಗಳಿಗೆ ಹೊಸ ನಿಯಮ ತಂದ. ಅದರಂತೆ ಹಿಂದೂ ಸಿಪಾಯಿಗಳು ಹಣೆಯ ನಾಮ, ವಿಭೂತಿ ಅಳಿಸಬೇಕು. ಮುಸ್ಲಿಂ ಸಿಪಾಯಿಗಳು ಗಡ್ಡ ಬೋಳಿಸಬೇಕು. ಎಲ್ಲರ ಮೀಸೆಯೂ ಒಂದೇ ಅಳತೆಗೆ ಇರಬೇಕು. ಚರ್ಮದ ಪಟ್ಟಿಯಿದ್ದ ಹೊಸ ಪೇಟ ತೊಡಬೇಕು.

ಸಿಪಾಯಿಗಳು ಒಪ್ಪಲಿಲ್ಲ. 1806ರ ಮೇ ತಿಂಗಳಲ್ಲಿ ವಿರೋಧಿಸಿದವರ ಪೈಕಿ ಇಬ್ಬರಿಗೆ ಛಡಿಯೇಟು ಕೊಟ್ಟು ಸೇನೆಯಿಂದ ಹೊರಹಾಕಲಾಯಿತು. ಅವರಲ್ಲೊಬ್ಬ ಹಿಂದೂ, ಒಬ್ಬ ಮುಸಲ್ಮಾನ. ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆ ಸಿಡಿದೆದ್ದಿತು. ಕೋಟೆಯ ಮೇಲೆ ಟಿಪ್ಪುವಿನ ಬಾವುಟ ಏರಿತು. 100ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಆರ್ಕಾಟಿನಿಂದ ಕುದುರೆ ಪಡೆ ಬಂದು ದಂಗೆಯನ್ನು ಅದೇ ದಿನ ಅಡಗಿಸಿತು. 300ಕ್ಕೂ ಹೆಚ್ಚು ಸಿಪಾಯಿಗಳು ಪ್ರಾಣ ಕಳೆದುಕೊಂಡರು. ನಮ್ಮ ಹೈದರಾಬಾದಿನಲ್ಲಿದ್ದ ಕಂಪನಿಯ ಪಡೆಯಲ್ಲಿಯೂ ಅಸಮಾಧಾನ ಹೊಗೆಯಾಡಿದಾಗ ಅಲ್ಲಿನ ಸೇನಾಧಿಕಾರಿ ಮಾಂಟ್ರೆಸರ್ ಆದೇಶವನ್ನು ಹಿಂತೆಗೆದುಕೊಂಡ. ಕೊನೆಗೆ ಆ ನಿಯಮಗಳೇ ರದ್ದಾದವು. ಕ್ರಾಡಕ್‌ನನ್ನೂ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್‌ನನ್ನೂ ವಾಪಸು ಕರೆಸಿಕೊಳ್ಳಲಾಯಿತು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಮೀಸೆ ಕತ್ತರಿಸುವುದು ಮುಸಲ್ಮಾನರಿಗೆ ಹೊಸದೇನೂ ಅಲ್ಲ, ಮತ್ತೇಕೆ ಈ ಸಿಟ್ಟು? ಉತ್ತರ ಸರಳವಾಗಿದೆ. ತಾನೇ ಒಪ್ಪಿ ಕೈಗೆತ್ತಿಕೊಂಡ ಕತ್ತರಿ ಶಿಸ್ತು. ಬೇರೆಯವನು ಅಳತೆಗೋಲು ಹಿಡಿದು ಹಾಕಿಸಿದ ಕತ್ತರಿ ಅವಮಾನ. ಗಡ್ಡ, ನಾಮ, ಪೇಟ, ಮೀಸೆ ಎಲ್ಲದರಲ್ಲೂ ಸಿಪಾಯಿಗಳಿಗೆ ಕಂಡದ್ದು ಇದೇ.

ವಿಚಿತ್ರ ನೋಡಿ, ಮುಂದೆ ಇಂಗ್ಲಿಷ್ ಅಧಿಕಾರಿಗಳೇ ಭಾರತದಲ್ಲಿ ಮೀಸೆ ಬಿಡತೊಡಗಿದರು. ಮೀಸೆಯಿಲ್ಲದವನನ್ನು ಸಿಪಾಯಿಗಳು ಗಂಡಸೆಂದು ಲೆಕ್ಕಿಸುವುದಿಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು. ಆಮೇಲೆ ಬ್ರಿಟಿಷ್ ಸೇನೆಯಲ್ಲಿ ಮೇಲ್ದುಟಿ ಬೋಳಿಸಬಾರದೆಂಬ ನಿಯಮವೇ ಬಂತು. ಅದು ರದ್ದಾದದ್ದು ಮೊದಲ ಮಹಾಯುದ್ಧದ ನಡುವೆ, 1916ರ ಅಕ್ಟೋಬರಿನಲ್ಲಿ.

ಇದೆಲ್ಲ ಹಳೆಯ ಕಥೆ ಎಂದು ಪುಟ ತಿರುವಬೇಡಿ. 2017ರಲ್ಲಿ ಗುಜರಾತಿನ ಗಾಂಧಿನಗರದ ಹತ್ತಿರದ ಲಿಂಬೋದರಾ ಗ್ರಾಮದಲ್ಲಿ ಮೀಸೆ ಬಿಟ್ಟ ಕಾರಣಕ್ಕೆ ದಲಿತ ಯುವಕರ ಮೇಲೆ ಹಲ್ಲೆಯಾಯಿತೆಂಬ ದೂರುಗಳು ಬಂದವು. ಅದಕ್ಕೆ ಉತ್ತರವಾಗಿ ಅನೇಕ ದಲಿತ ತರುಣರು ತಮ್ಮ ಮೊಬೈಲುಗಳಲ್ಲಿ ಮೀಸೆಯ ಚಿತ್ರ ಹಾಕಿಕೊಂಡರು. ಅಂದು ಅಳತೆಗೋಲು ಪರದೇಶಿ ದೊರೆಯ ಕೈಯಲ್ಲಿತ್ತು. ಇಂದು ಅದು ನಮ್ಮವರ ಕೈಯಲ್ಲೇ ಇದ್ದರೆ ನಾಚಬೇಕಾದವರು ಯಾರು?

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರಿಗೆ ಈಗಷ್ಟೇ ಮೀಸೆ ಚಿಗುರುತ್ತಿದೆ. ಬಿಡುವುದೋ, ಕತ್ತರಿಸುವುದೋ ಅದು ನಿಮ್ಮ ಶ್ರದ್ಧೆಗೆ, ಅಭಿರುಚಿಗೆ ಬಿಟ್ಟದ್ದು. ಆದರೆ ಇನ್ನೊಬ್ಬನ ಗಡ್ಡ, ಮೀಸೆ, ನಾಮ, ಟೋಪಿಯನ್ನು ನೋಡಿ ಅವನ ಬೆಲೆ ಕಟ್ಟುವ ಮುನ್ನ ಒಟ್ಟಿಗೆ ಛಡಿಯೇಟು ತಿಂದ ಆ ಇಬ್ಬರು ಸಿಪಾಯಿಗಳನ್ನು ನೆನೆಯಿರಿ. ತನ್ನ ಮಾನ ಕಾಯುವವನು ಇನ್ನೊಬ್ಬನ ಮಾನವನ್ನೂ ಕಾಯಬೇಕು. ಮೀಸೆ ಹೊತ್ತದ್ದು ಆಗಲೇ ಸಾರ್ಥಕ.