ಎಂಪೆಂಬಾನ ಭೌತಶಾಸ್ತ್ರ



ನಮ್ಮ ವಿಜ್ಞಾನ ಮಾತುಕತೆಗೆ ನೀವು ಬರೆಯುವ ಪತ್ರಗಳನ್ನು ಪ್ರಸಾರಕ್ಕೆ ಮೊದಲು ನಾನೇ ಕುಳಿತು ಓದುತ್ತೇನೆ. ಮಡಕೆಯ ನೀರು ಬೇಸಿಗೆಯಲ್ಲೂ ತಣ್ಣಗಿರುವುದೇಕೆ? ಹಾಲು ಉಕ್ಕುತ್ತದೆ, ನೀರು ಏಕೆ ಹಾಗೆ ಉಕ್ಕುವುದಿಲ್ಲ? ಬಸ್ಸಿನಲ್ಲಿ ಹೋಗುವಾಗ ಮರಗಳೆಲ್ಲ ಹಿಂದಕ್ಕೆ ಓಡುತ್ತವೆ, ಚಂದ್ರ ಮಾತ್ರ ನಮ್ಮ ಜೊತೆಗೇ ಬರುತ್ತಾನಲ್ಲ? ಒಂದಕ್ಕಿಂತ ಒಂದು ಒಳ್ಳೆಯ ಪ್ರಶ್ನೆಗಳು. ಆದರೆ ಎಷ್ಟೋ ಪತ್ರಗಳ ಮೊದಲ ಸಾಲು ಒಂದೇ: “ಇದು ದಡ್ಡ ಪ್ರಶ್ನೆಯಾಗಿದ್ದರೆ ಕ್ಷಮಿಸಿ.”

ಆ ಸಾಲು ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. ಪಿ.ಯು.ಸಿ.ಯಲ್ಲಿದ್ದಾಗ ನಾನೊಮ್ಮೆ, ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಕಪ್ಪಾಗಿ ಕಾಣುವುದೇಕೆ ಎಂದು ತರಗತಿಯಲ್ಲಿ ಕೇಳಿದ್ದೆ. “ಇದು ಪರೀಕ್ಷೆಗೆ ಬರುತ್ತದೇನಪ್ಪಾ?” ಎಂದರು ಮೇಷ್ಟ್ರು. ಹಿಂದಿನ ಬೆಂಚಿನವರು ನಕ್ಕರು. ಬಿ.ಎಸ್ಸಿ. ಮುಗಿಯುವ ತನಕ ನಾನು ಮತ್ತೆ ಕೈ ಎತ್ತಲಿಲ್ಲ. ಆದ್ದರಿಂದ ಈ ಬಾರಿ, ಕೈ ಎತ್ತುವುದನ್ನು ಬಿಡದ ಒಬ್ಬ ಹುಡುಗನ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದರ ಕೊನೆ ನೀವು ಎಣಿಸುವಷ್ಟು ಸರಳವಾಗಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಊರು ಪೂರ್ವ ಆಫ್ರಿಕಾದ್ದು, ವರ್ಷ 1963. ಈಗಿನ ಟಾಂಜಾನಿಯಾ ದೇಶದ ಮುಖ್ಯ ಭೂಭಾಗಕ್ಕೆ ಆಗ ಟಾಂಗನಿಕಾ ಎಂದು ಹೆಸರು. ಬ್ರಿಟಿಷರಿಂದ ಸ್ವಾತಂತ್ರ್ಯ ಬಂದು ಎರಡು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಅಲ್ಲಿನ ಮಗಂಬಾ ಪ್ರೌಢಶಾಲೆಯಲ್ಲಿ ಎರಾಸ್ಟೋ ಎಂಪೆಂಬಾ ಎಂಬ ಹುಡುಗ ಓದುತ್ತಿದ್ದ. ಶಾಲೆಯ ಹುಡುಗರಿಗೆ ಐಸ್‌ಕ್ರೀಮ್ ಮಾಡುವ ಹವ್ಯಾಸ. ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಚೆನ್ನಾಗಿ ಆರಿದ ಮೇಲೆ ಫ್ರಿಜ್ಜಿನ ಮಂಜುಗಟ್ಟುವ ಅರೆಯಲ್ಲಿ ಇಡಬೇಕು. ಹುಡುಗರು ಹೆಚ್ಚು, ಜಾಗ ಕಡಿಮೆ. ನಮ್ಮ ಹಾಸ್ಟೆಲುಗಳಲ್ಲಿ ಸ್ನಾನದ ಬಿಸಿನೀರಿಗೆ ನಡೆಯುವಂಥ ಪೈಪೋಟಿಯೇ ಅಲ್ಲಿಯೂ ನಡೆಯುತ್ತಿತ್ತೆಂದು ಇಟ್ಟುಕೊಳ್ಳಿ.

ಒಂದು ದಿನ ಎಂಪೆಂಬಾ ಹಾಲು ಕಾಯಿಸುತ್ತಿದ್ದಾಗ ಇನ್ನೊಬ್ಬ ಹುಡುಗ ಕಾಯಿಸುವ ಗೋಜಿಗೇ ಹೋಗದೆ, ಹಸಿ ಹಾಲಿಗೆ ಸಕ್ಕರೆ ಬೆರೆಸಿ ಫ್ರಿಜ್ಜಿನತ್ತ ಓಡಿದ. ಆರುವವರೆಗೆ ಕಾದರೆ ಉಳಿದ ಒಂದು ತಟ್ಟೆಯ ಜಾಗವೂ ಹೋಗುತ್ತದೆ. ಫ್ರಿಜ್ ಕೆಟ್ಟರೂ ಕೆಡಲಿ ಎಂದು ಎಂಪೆಂಬಾ ಬಿಸಿ ಹಾಲನ್ನೇ ಒಳಗಿಟ್ಟ. ಒಂದೂವರೆ ಗಂಟೆ ಬಿಟ್ಟು ಇಬ್ಬರೂ ಬಾಗಿಲು ತೆಗೆದು ನೋಡಿದರು. ಹಸಿ ಹಾಲು ಇನ್ನೂ ಮಂದವಾದ ದ್ರವವಾಗಿಯೇ ಇತ್ತು. ಬಿಸಿ ಹಾಲು ಹೆಪ್ಪುಗಟ್ಟಿ ಐಸ್‌ಕ್ರೀಮ್ ಆಗಿತ್ತು.

ಹುಡುಗ ಹೋಗಿ ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿದ. ನೀನು ಗೊಂದಲ ಮಾಡಿಕೊಂಡಿದ್ದೀಯೆ, ಹಾಗಾಗಲು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಅವನೂ ಒಪ್ಪಿಕೊಂಡ. ಅದೇ ವರ್ಷದ ರಜೆಯಲ್ಲಿ ಟಾಂಗಾ ಪಟ್ಟಣದಲ್ಲಿ ಐಸ್‌ಕ್ರೀಮ್ ಮಾರುವ ಗೆಳೆಯನೊಬ್ಬ ಸಿಕ್ಕಿದ. ಬಿಸಿಯಾಗಿಯೇ ಇಟ್ಟರೆ ಬೇಗ ಗಟ್ಟಿಯಾಗುತ್ತದೆ ಎಂದು ಆತ ಸಹಜವಾಗಿ ಹೇಳಿದ. ಆ ಊರಿನ ಬೇರೆ ಐಸ್‌ಕ್ರೀಮ್ ಮಾರುವವರೂ ಅದನ್ನೇ ನೆಚ್ಚಿಕೊಂಡಿದ್ದರು. ಶಾಲೆಯಲ್ಲಿ ಅಸಾಧ್ಯವಾದದ್ದು ಬೀದಿಯಲ್ಲಿ ದಿನನಿತ್ಯದ ಕಸುಬಾಗಿತ್ತು!

ಮುಂದೆ ಎಂಪೆಂಬಾ ಇರಿಂಗಾ ಎಂಬ ಊರಿನ ಎಂಕ್ವಾವಾ ಶಾಲೆಗೆ ಸೇರಿದ. ಅಲ್ಲಿ ನ್ಯೂಟನ್ನನ ಶೀತಲೀಕರಣ ನಿಯಮದ ಪಾಠ ಬಂದಾಗ ಅವನು ಮತ್ತೆ ಕೈ ಎತ್ತಿದ. ಅಧ್ಯಾಪಕರು ಮತ್ತೆ ಇಲ್ಲವೆಂದರು. ಹುಡುಗ ವಾದಿಸಿದ. ಕೊನೆಗೆ ಅವರು, ಇದು ಎಂಪೆಂಬಾನ ಭೌತಶಾಸ್ತ್ರ, ಜಗತ್ತಿನ ಭೌತಶಾಸ್ತ್ರವಲ್ಲ ಎಂದುಬಿಟ್ಟರು. ತರಗತಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅವನು ಲೆಕ್ಕದಲ್ಲಿ ತಪ್ಪಿದರೆ “ಇದು ಎಂಪೆಂಬಾನ ಗಣಿತ” ಎಂಬ ಗೇಲಿ.

ಇಲ್ಲಿ ನಾವು ಆ ಅಧ್ಯಾಪಕರ ಪರವಾಗಿಯೂ ಸ್ವಲ್ಪ ಯೋಚಿಸೋಣ. ಅವರ ತರ್ಕ ಬಲವಾದದ್ದೇ. ಹುಬ್ಬಳ್ಳಿಯಿಂದ ಒಂದು ಬಸ್ಸು, ದಾವಣಗೆರೆಯಿಂದ ಇನ್ನೊಂದು ಬಸ್ಸು, ಒಂದೇ ಗಳಿಗೆಯಲ್ಲಿ ಒಂದೇ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೊರಟವೆನ್ನಿ. ಎರಡೂ ಒಂದೇ ಬಗೆಯ ಬಸ್ಸುಗಳು, ರಸ್ತೆಯ ಪ್ರತಿ ಊರಿನಲ್ಲೂ ಎರಡರದೂ ಒಂದೇ ವೇಗ. ಹುಬ್ಬಳ್ಳಿಯ ಬಸ್ಸು ದಾವಣಗೆರೆ ಮುಟ್ಟುವ ಹೊತ್ತಿಗೆ ಇನ್ನೊಂದು ಮುಂದೆ ಹೋಗಿಯೇ ಇರುತ್ತದೆ. ಹಾಗೆಯೇ 100 ಡಿಗ್ರಿಯ ನೀರು ಸೊನ್ನೆಗೆ ಇಳಿಯಬೇಕಾದರೆ 35 ಡಿಗ್ರಿಯನ್ನು ಹಾದೇ ಹೋಗಬೇಕು. ಅಲ್ಲಿಂದ ಮುಂದಕ್ಕೆ ಅದು 35 ಡಿಗ್ರಿಯಲ್ಲೇ ಹೊರಟ ನೀರಿನಷ್ಟೇ ಹೊತ್ತು ತೆಗೆದುಕೊಳ್ಳಬೇಕು. ಬಿಸಿ ನೀರು ಬೇಗ ಬೇಗ ಆರುತ್ತದೆ ಎಂಬುದು ನಿಜ. ಆದರೆ ಅದು ಮೊದಲ ಹಂತದಲ್ಲಿ ಮಾತ್ರ. ಹಾಗಾದರೆ ಗೆಲ್ಲುವುದು ಹೇಗೆ?

ಈ ತರ್ಕದಲ್ಲಿ ಒಂದು ಸಣ್ಣ ಮಾತು ಅಡಗಿ ಕುಳಿತಿದೆ: “ಒಂದೇ ಬಗೆಯ ಬಸ್ಸುಗಳು.” ದಾವಣಗೆರೆಗೆ ಬರುವಷ್ಟರಲ್ಲಿ ಹುಬ್ಬಳ್ಳಿಯ ಬಸ್ಸಿನಿಂದ ಅರ್ಧ ಜನ ಇಳಿದು ಅದು ಹಗುರಾಗಿದ್ದರೆ? ಈ ಮಾತನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಎಂಪೆಂಬಾ ಸುಮ್ಮನಾಗಲಿಲ್ಲ. ಜೀವಶಾಸ್ತ್ರದ ಪ್ರಯೋಗಾಲಯ ತೆರೆದಿದ್ದ ಒಂದು ಮಧ್ಯಾಹ್ನ ಎರಡು ಬೀಕರುಗಳಲ್ಲಿ ನಲ್ಲಿಯ ನೀರು ಒಂದಕ್ಕೆ, ಬಿಸಿ ನೀರು ಇನ್ನೊಂದಕ್ಕೆ ತುಂಬಿ ಅಲ್ಲಿನ ಫ್ರಿಜ್ಜಿನಲ್ಲಿ ಇಟ್ಟ. ಗಂಟೆಯ ನಂತರ ಎರಡರಲ್ಲೂ ಮಂಜು ಪೂರ್ತಿ ಕಟ್ಟಿರಲಿಲ್ಲ, ಆದರೆ ಬಿಸಿ ನೀರಿಟ್ಟಿದ್ದ ಬೀಕರಿನಲ್ಲಿ ಹೆಚ್ಚಿತ್ತು. ಅಷ್ಟರಲ್ಲಿ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಡೆನಿಸ್ ಆಸ್ಬೋರ್ನ್ ಅವರು, ಭೌತಶಾಸ್ತ್ರ ಮತ್ತು ರಾಷ್ಟ್ರದ ಅಭಿವೃದ್ಧಿ ಎಂಬ ವಿಷಯವಾಗಿ ಭಾಷಣ ಮಾಡಲು ಶಾಲೆಗೆ ಬಂದರು. ಭಾಷಣ ಮುಗಿದ ಮೇಲೆ ಪ್ರಶ್ನೆಗಳಿಗೆ ಅವಕಾಶವಿತ್ತು. ಎಂಪೆಂಬಾ ಎದ್ದು ನಿಂತ. ಸಮ ಪ್ರಮಾಣದ ನೀರಿರುವ ಎರಡು ಬೀಕರುಗಳು, ಒಂದು 35 ಡಿಗ್ರಿಯಲ್ಲಿ, ಇನ್ನೊಂದು 100 ಡಿಗ್ರಿಯಲ್ಲಿ. ಎರಡನ್ನೂ ಫ್ರಿಜ್ಜಿನಲ್ಲಿ ಇಟ್ಟರೆ 100 ಡಿಗ್ರಿಯದೇ ಮೊದಲು ಹೆಪ್ಪುಗಟ್ಟುತ್ತದೆ, ಏಕೆ ಎಂದು ಕೇಳಿದ. ಸಹಪಾಠಿಗಳು ನಕ್ಕರು, ಶಾಲೆಯ ಮಾನ ಕಳೆದೆ ಎಂದು ಅವರಿಗೆ ಸಿಟ್ಟೂ ಬಂತು. ಆದರೆ ಪ್ರಶ್ನೆಯ ಮಾತುಗಳನ್ನು ಗಮನಿಸಿದಿರಾ? ಐಸ್‌ಕ್ರೀಮ್ ಇಲ್ಲ, ಗೆಳೆಯನ ಕಥೆ ಇಲ್ಲ. ಪಾತ್ರೆ, ಪ್ರಮಾಣ, ಉಷ್ಣತೆ ಎಲ್ಲವೂ ಇವೆ. ಯಾರು ಬೇಕಾದರೂ ಮಾಡಿ ನೋಡಬಹುದಾದ ಪ್ರಶ್ನೆ ಅದು.

ಆಸ್ಬೋರ್ನ್ ಅವರಿಗೂ ಹುಡುಗ ತಪ್ಪಿದ್ದಾನೆ ಎಂದೇ ಅನಿಸಿತ್ತು. ಅದನ್ನು ಅವರೇ ಮುಂದೆ ಬರೆದಿದ್ದಾರೆ. ಆದರೆ ಅವರು ನಗಲಿಲ್ಲ. ನೀನು ನಿಜವಾಗಿ ಮಾಡಿ ನೋಡಿದ್ದೀಯಾ ಎಂದು ಕೇಳಿ, ಊರಿಗೆ ಹೋಗಿ ತಾವೂ ಮಾಡಿಸುವುದಾಗಿ ಮಾತು ಕೊಟ್ಟರು. ಮಾತಿನಂತೆ ತಮ್ಮ ಪ್ರಯೋಗಾಲಯದ ತಂತ್ರಜ್ಞನಿಗೆ ಕೆಲಸ ವಹಿಸಿದರು. ಆತ ಬಂದು ಕೊಟ್ಟ ವರದಿ ವಿಜ್ಞಾನದ ಚರಿತ್ರೆಯ ತಮಾಷೆಯ ಪ್ರಸಂಗಗಳಲ್ಲಿ ಒಂದು. ಬಿಸಿ ನೀರೇ ಮೊದಲು ಹೆಪ್ಪುಗಟ್ಟಿತು, ಆದರೆ ಚಿಂತೆಯಿಲ್ಲ, ಸರಿಯಾದ ಫಲಿತಾಂಶ ಬರುವವರೆಗೂ ಪ್ರಯೋಗ ಮುಂದುವರಿಸುತ್ತೇವೆ ಎಂದನಂತೆ! ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗು ಬರೆಯುವ ನಾವು ಅವನನ್ನು ನೋಡಿ ನಗುವ ಹಾಗಿಲ್ಲ.

ಹಲವು ಬಾರಿ ಅಳೆದ ಮೇಲೆ, ಸುಮಾರು 25 ಡಿಗ್ರಿಯಲ್ಲಿ ಹೊರಟ ನೀರು ಮಂಜುಗಟ್ಟತೊಡಗಲು ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, 90 ಡಿಗ್ರಿಯ ಆಸುಪಾಸಿನದು ಅದಕ್ಕಿಂತ ಬಹಳ ಬೇಗ ತೊಡಗುತ್ತದೆ ಎಂದು ಅವರಿಗೆ ಕಂಡಿತು. 1969ರಲ್ಲಿ ಬ್ರಿಟನ್ನಿನ ‘ಫಿಸಿಕ್ಸ್ ಎಜುಕೇಶನ್’ ಪತ್ರಿಕೆಯಲ್ಲಿ ‘ಕೂಲ್?’ ಎಂಬ ಲೇಖನ ಬಂತು. ಕರ್ತೃಗಳ ಸಾಲಿನಲ್ಲಿ ಮೊದಲ ಹೆಸರು ಎಂಪೆಂಬಾರದು, ಎರಡನೆಯದು ಆಸ್ಬೋರ್ನ್ ಅವರದು. ಅಂದಿನಿಂದ ಈ ವಿದ್ಯಮಾನಕ್ಕೆ ‘ಎಂಪೆಂಬಾ ಪರಿಣಾಮ’ ಎಂದೇ ಹೆಸರು. ಎಂಪೆಂಬಾ ಭೌತವಿಜ್ಞಾನಿಯಾಗಲಿಲ್ಲ. ಆಫ್ರಿಕಾದ ವನ್ಯಜೀವಿ ನಿರ್ವಹಣೆಯ ಕಾಲೇಜಿನಲ್ಲಿ ಓದಿ ಅದೇ ಕ್ಷೇತ್ರದ ಸರ್ಕಾರಿ ಅಧಿಕಾರಿಯಾದರು.

ಆದರೆ ಇದು ಹೊಸ ಸಂಗತಿಯೂ ಆಗಿರಲಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಅರಿಸ್ಟಾಟಲ್, ಮೊದಲು ಬಿಸಿ ಮಾಡಿದ ನೀರು ಬೇಗ ತಣಿಯುತ್ತದೆ ಎಂದು ಬರೆದಿದ್ದ. 1620ರಲ್ಲಿ ಫ್ರಾನ್ಸಿಸ್ ಬೇಕನ್, 1637ರಲ್ಲಿ ಡೆಕಾರ್ಟೆ ಇದೇ ಬಗೆಯ ಮಾತು ಹೇಳಿದ್ದರು. ಆಮೇಲೆ ಉಷ್ಣದ ಸಿದ್ಧಾಂತ ಗಟ್ಟಿಯಾಗಿ, ಸಮೀಕರಣಗಳು ಪಠ್ಯಪುಸ್ತಕಕ್ಕೆ ಬಂದವು. ಅವುಗಳಲ್ಲಿ ಈ ಸಂಗತಿಗೆ ಜಾಗ ಇರಲಿಲ್ಲ. ಪುಸ್ತಕದಿಂದ ಬಿದ್ದುಹೋದದ್ದು ಜನರ ಬಾಯಲ್ಲಿ ಮಾತ್ರ ಉಳಿಯಿತು. 1969ರಲ್ಲಿಯೇ ಕೆನಡಾದ ವಿಜ್ಞಾನಿ ಜಿ.ಎಸ್. ಕೆಲ್ ಇದೇ ವಿಷಯದ ಮೇಲೆ ಬೇರೆಯಾಗಿ ಲೇಖನ ಬರೆದರು. ಚಳಿಗಾಲದಲ್ಲಿ ಕಾರನ್ನು ಬಿಸಿ ನೀರಿನಿಂದ ತೊಳೆಯಬಾರದು, ಬೇಗ ಮಂಜುಗಟ್ಟುತ್ತದೆ ಎಂಬ ನಂಬಿಕೆ ಅವರ ನಾಡಿನಲ್ಲಿ ಮೊದಲಿನಿಂದಲೂ ಇತ್ತು.

ಈಗ ಬಸ್ಸಿನ ಮಾತಿಗೆ ಬರೋಣ. 35 ಡಿಗ್ರಿಗೆ ಇಳಿಯುವ ಹೊತ್ತಿಗೆ ಬಿಸಿ ನೀರು ಬದಲಾಗಿರುವುದು ಹೇಗೆ? ಕೆಲ್ ಅವರ ಉತ್ತರ ಆವಿ. ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ಸುಮಾರು 540 ಕ್ಯಾಲೊರಿ ಉಷ್ಣವನ್ನು ತನ್ನೊಡನೆ ಒಯ್ಯುತ್ತದೆ. ಬರೀ ಆವಿಯಿಂದಲೇ ನೀರು 100 ಡಿಗ್ರಿಯಿಂದ ಸೊನ್ನೆಗೆ ಇಳಿದರೆ ಅದರಲ್ಲಿ ಸುಮಾರು ಆರನೆಯ ಒಂದು ಭಾಗ ಹಾರಿಹೋಗಿರುತ್ತದೆ. ಉಳಿದದ್ದು ಕಡಿಮೆ, ಹೆಪ್ಪುಗಟ್ಟಿಸುವ ಕೆಲಸವೂ ಕಡಿಮೆ. ಆದರೆ ಆಸ್ಬೋರ್ನ್ ಅವರ ಬೀಕರುಗಳಲ್ಲಿ ಹಾಗೆ ನಷ್ಟವಾದ ನೀರು ಫಲಿತಾಂಶವನ್ನು ವಿವರಿಸಲು ಸಾಲದಾಗಿತ್ತು. ಉಷ್ಣ ಹೆಚ್ಚಾಗಿ ಮೇಲ್ಮೈಯಿಂದ ಹೋಗುತ್ತಿದೆ, ಬಿಸಿ ನೀರಿನಲ್ಲಿ ಸಂವಹನದ ಸುಳಿಗಳು ಮೇಲ್ಮೈಯನ್ನು ಬಿಸಿಯಾಗಿಯೇ ಇಡುತ್ತವೆ ಎಂದು ಅವರು ಭಾವಿಸಿದರು. 1995ರಲ್ಲಿ ಡೇವಿಡ್ ಆವರ್‌ಬಾಕ್ ಎಂಬವರು ಅತಿಶೀತಲೀಕರಣದ ಕಡೆ ಬೆರಳು ತೋರಿದರು: ನೀರು ಸೊನ್ನೆ ಡಿಗ್ರಿಗೆ ಬಂದ ಕೂಡಲೇ ಮಂಜಾಗಬೇಕೆಂದಿಲ್ಲ, ಕೆಲವು ಡಿಗ್ರಿ ಕೆಳಗೂ ದ್ರವವಾಗಿ ಉಳಿಯಬಹುದು. ಎಷ್ಟು ಕೆಳಗೆ ಎಂಬುದು ಪ್ರತಿ ಸಲವೂ ಬೇರೆ. ಇದಲ್ಲದೆ ಮನೆಯ ಫ್ರಿಜ್ಜಿನಲ್ಲಿ ಬಿಸಿ ಪಾತ್ರೆ ತನ್ನ ಕೆಳಗಿನ ಹಿಮದ ಪದರವನ್ನು ಕರಗಿಸಿ, ತಣ್ಣನೆಯ ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುವುದೂ ಉಂಟು. 2012ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಅತ್ಯುತ್ತಮ ವಿವರಣೆಗೆ 1,000 ಪೌಂಡ್ ಬಹುಮಾನ ಸಾರಿದಾಗ 22,000 ಉತ್ತರಗಳು ಬಂದವು. ಬಹುಮಾನ ಕ್ರೊಯೇಷಿಯಾದ ನಿಕೋಲಾ ಬ್ರೆಗೋವಿಚ್ ಅವರಿಗೆ ಹೋಯಿತು, ವಾದ ಮಾತ್ರ ಮುಗಿಯಲಿಲ್ಲ.

ನಾನು ಮೊದಲಲ್ಲಿ ಹೇಳಿದ ತೊಡಕು ಇನ್ನು ಬರುತ್ತದೆ. 2016ರಲ್ಲಿ ಇಂಗ್ಲೆಂಡಿನ ಹೆನ್ರಿ ಬರಿಜ್ ಮತ್ತು ಪಾಲ್ ಲಿಂಡೆನ್ ಹಿಂದಿನ ಅಂಕಿಗಳನ್ನು ಕೂಡಿಸಿ, ತಾವೂ ಪ್ರಯೋಗ ಮಾಡಿ, ನೀರು ಸೊನ್ನೆ ಡಿಗ್ರಿಗೆ ಇಳಿಯುವ ಸಮಯವನ್ನು ಹೋಲಿಸಿದರು. ಬಿಸಿ ನೀರು ಬೇಗ ಇಳಿಯುತ್ತದೆ ಎನ್ನಲು ನಂಬತಕ್ಕ ಪುರಾವೆ ಅವರಿಗೆ ಸಿಗಲಿಲ್ಲ. ಎರಡು ಪಾತ್ರೆಗಳಲ್ಲಿ ತಾಪಮಾಪಕಗಳು ಒಂದು ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಆಗಿದ್ದರೂ ಇಲ್ಲದ ಪರಿಣಾಮ ಇದ್ದಂತೆ ಕಾಣಬಹುದು ಎಂದು ಅವರು ತೋರಿಸಿದರು. ಹಾಗಾದರೆ ಇರಿಂಗಾದ ಅಧ್ಯಾಪಕರು ಹೇಳಿದ್ದೇ ಸರಿಯಾಯಿತೇ?

ನನ್ನ ಅಭಿಪ್ರಾಯ ಕೇಳುವುದಾದರೆ, ಇಲ್ಲ. ಬರಿಜ್ ಮತ್ತು ಲಿಂಡೆನ್ “ಆಗುವುದಿಲ್ಲ” ಎಂದದ್ದು ಅಳೆದ ಮೇಲೆ. ಅಧ್ಯಾಪಕರು ಎಂದದ್ದು ಅಳೆಯದೆ. ಉತ್ತರ ಒಂದೇ ಆಗಿದ್ದರೂ ಎರಡಕ್ಕೂ ಒಂದೇ ಅಂಕ ಕೊಡಲಾಗದು. ಇನ್ನೂ ಒಂದು ಮಾತು: ಸೊನ್ನೆ ಡಿಗ್ರಿ ಮುಟ್ಟುವುದು ಬೇರೆ, ಮಂಜು ಕಟ್ಟುವುದು ಬೇರೆ. ಎಂಪೆಂಬಾ ಕೇಳಿದ್ದು ಎರಡನೆಯದನ್ನು. ಅದರ ಬಗ್ಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

ಈ ನಡುವೆ ಪ್ರಶ್ನೆ ನೀರನ್ನೇ ಬಿಟ್ಟು ಮುಂದೆ ಹೋಗಿದೆ. 2020ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಅವಿನಾಶ್ ಕುಮಾರ್ ಮತ್ತು ಜಾನ್ ಬೆಕ್‌ಹೋಫರ್, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಯನ್ನು ನೀರಿನಲ್ಲಿ ಲೇಸರ್ ಕಿರಣದಿಂದ ಹಿಡಿದು, ಅದು ‘ತಣಿಯುವ’ ಬಗೆಯನ್ನು ಮತ್ತೆ ಮತ್ತೆ ಅಳೆದರು. ಸರಿಯಾಗಿ ಆಯ್ದ ಪರಿಸ್ಥಿತಿಯಲ್ಲಿ, ಹೆಚ್ಚು ಬಿಸಿಯ ಸ್ಥಿತಿಯಿಂದ ಹೊರಟದ್ದು ಮೊದಲು ತಣಿಯಿತು. ಅಲ್ಲಿ ಆವಿಯಿಲ್ಲ, ಹಿಮವಿಲ್ಲ, ಅತಿಶೀತಲೀಕರಣವೂ ಇಲ್ಲ. ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದ ಆ ಲೇಖನದ ವಿಷಯವೂ ಎಂಪೆಂಬಾ ಪರಿಣಾಮವೇ.

ನಿಮ್ಮ ಮನೆಯಲ್ಲಿ ಫ್ರಿಜ್ ಇದ್ದರೆ ನೀವೂ ಮಾಡಿ ನೋಡಿ. ಮನೆಯ ಹಿರಿಯರನ್ನು ಕೇಳಿಯೇ ಮಾಡಿ. ಬಿಸಿ ನೀರಿಗೆ ಗಾಜಿನ ಲೋಟ ಬೇಡ, ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿರಲಿ. ನೀರನ್ನು ಅಳೆದು ಹಾಕಿ. ಕೆಳಗೆ ಥರ್ಮೋಕೋಲ್ ತುಂಡಿಟ್ಟು ಒಮ್ಮೆ, ಇಡದೆ ಒಮ್ಮೆ ಮಾಡಿ. ಲೋಟಗಳ ಜಾಗವನ್ನು ಅದಲು ಬದಲು ಮಾಡಿ ಇನ್ನೊಮ್ಮೆ. ‘ಹೆಪ್ಪುಗಟ್ಟಿತು’ ಎಂದು ಯಾವುದಕ್ಕೆ ಹೇಳುತ್ತೀರಿ, ಮೊದಲ ಮಂಜಿನ ಪದರಕ್ಕೋ ಪೂರ್ತಿ ಗಡ್ಡೆಗೋ ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ತಣ್ಣೀರೇ ಗೆದ್ದರೆ ಅದನ್ನೂ ಹಾಗೆಯೇ ಬರೆದು ನಮಗೆ ಕಳುಹಿಸಿ. ಪತ್ರದ ಮೊದಲ ಸಾಲಿನಲ್ಲಿ ಕ್ಷಮೆ ಬೇಡ. ನೀರಿನ ಪ್ರಮಾಣ, ಉಷ್ಣತೆ ಮತ್ತು ಸಮಯ ಇರಲಿ.