ಲಾರಿಯ ಬ್ರೇಕ್ ಲೈಟ್ ಬದಲಾವಣೆ ಮತ್ತು ಇಂಧನದ ಆಯ್ಕೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಾತ್ರಿಯಿಡೀ ರಸ್ತೆಯ ಮೇಲೆ ಲಾರಿ, ಟ್ರ್ಯಾಕ್ಟರುಗಳ ಸಾಲು. ಮುಂದಿನ ಗಾಡಿ ನಿಲ್ಲುತ್ತಿದೆ ಎಂದು ಹಿಂದಿನವನಿಗೆ ತಿಳಿಯುವುದು ಕೆಂಪು ಬ್ರೇಕ್ ಲೈಟಿನಿಂದ. ಹೊರಗೆ ಚಾಚಿದ ಕಬ್ಬು ಎಷ್ಟೋ ಸಲ ಅದನ್ನೂ ಮುಚ್ಚಿರುತ್ತದೆ. ಸಾಲದ್ದಕ್ಕೆ ಈಗ ಬಣ್ಣಬಣ್ಣದ ಎಲ್‌ಇಡಿ ಪಟ್ಟಿ, ಮಿಣುಕುವ ದೀಪ, ಕಪ್ಪು ಫಿಲ್ಮ್‌ಗಳ ಹುಚ್ಚು ಬೇರೆ.

ಹಿಂದಿನ ಲೈಟಿನ ಹಳೆಯ ಮಾದರಿ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತಿಗಳಿರುತ್ತವೆ. ರಾತ್ರಿ ಸದಾ ಉರಿಯುವುದು 5 ವ್ಯಾಟಿನದು, ಬ್ರೇಕ್ ತುಳಿದಾಗ ಉರಿಯುವುದು 21 ವ್ಯಾಟಿನದು. ಹಿಂದಿನ ಚಾಲಕನ ಕಣ್ಣು ಗುರುತಿಸುವುದು ಈ ಎರಡರ ನಡುವಿನ ಅಂತರವನ್ನು. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೆಳಕು. ಬ್ರೇಕ್ ಹಿಡಿದದ್ದೇ ತಿಳಿಯುವುದಿಲ್ಲ. ಬಿಳಿ ದೀಪ ಹಾಕಿದರೆ ಗಾಡಿ ರಿವರ್ಸ್ ಬರುತ್ತಿದೆಯೇನೋ ಎಂಬ ಗೊಂದಲ. ದೊಡ್ಡ ಲಾರಿಗಳದು 24 ವೋಲ್ಟ್, ಸಣ್ಣ ಪಿಕಪ್‌ಗಳದು 12 ವೋಲ್ಟ್ ಎಂಬುದನ್ನೂ ಮರೆಯಬಾರದು.

ಬ್ರೇಕ್ ಲೈಟ್ ಹತ್ತದಿದ್ದರೆ ದೋಷ ಬಲ್ಬಿನದೇ ಆಗಿರಬೇಕಿಲ್ಲ. ಏರ್ ಬ್ರೇಕ್ ಗಾಡಿಗಳಲ್ಲಿ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಸ್ವಿಚ್ ಕೆಟ್ಟಿರಬಹುದು, ಅರ್ಥ್ ವೈರ್ ತುಕ್ಕು ಹಿಡಿದಿರಬಹುದು. ಹೊಸ ಎಲ್‌ಇಡಿಗೆ ದುಡ್ಡು ಸುರಿಯುವ ಮೊದಲು ಇವೆರಡನ್ನು ನೋಡಿಸುವುದು ಲೇಸು. ಕತ್ತಲಲ್ಲಿ ಕೆಟ್ಟು ನಿಂತ ಗಾಡಿಯನ್ನು ಕಾಯುವುದು ಮಾತ್ರ ಪ್ರತಿಫಲಿಸುವ ಟೇಪು: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಕಾಯ್ದೆ ಕೇಂದ್ರದ್ದಾದ್ದರಿಂದ ಗಡಿ ದಾಟಿದರೂ ಕಲಮು ಅದೇ.

ಇನ್ನು ಇಂಧನ. ಡೀಸೆಲ್ ತೆರಿಗೆ ರಾಜ್ಯಕ್ಕೊಂದು ಬಗೆ. ಅದಕ್ಕೇ ಗಡಿಯ ಡ್ರೈವರುಗಳು ಯಾವ ಕಡೆಯ ಬಂಕ್ ಅಗ್ಗವೆಂದು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕರ್ನಾಟಕವು ತನ್ನ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಏರಿಸಿತು. ಒಂದೆರಡು ರೂಪಾಯಿ ಉಳಿಸಲು ಸುತ್ತಿ ಹೋಗುವವರು ದಾರಿಯಲ್ಲಿ ಸುಡುವ ಡೀಸೆಲ್ಲಿನ ಲೆಕ್ಕವನ್ನೂ ಹಾಕಬೇಕು.

ಸೀಮೆಎಣ್ಣೆ ಬೆರೆಸುವ ಹಳೆಯ ಚಾಳಿ ಈಗಿನ ಎಂಜಿನುಗಳಿಗೆ ಹೊಂದುವುದಿಲ್ಲ. ಸೀಮೆಎಣ್ಣೆಗೆ ಡೀಸೆಲ್ಲಿನಷ್ಟು ಜಿಡ್ಡಿಲ್ಲ. ಪಂಪು, ಇಂಜೆಕ್ಟರ್ ಸವೆಯುತ್ತವೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಸಿಗುವುದು 10 ಪಿಪಿಎಂ ಗಂಧಕದ ಬಿಎಸ್-6 ಡೀಸೆಲ್. ಬಿಎಸ್-3 ಕಾಲದಲ್ಲಿ ಈ ಪ್ರಮಾಣ 350 ಇತ್ತು. ಹೊಸ ಗಾಡಿಯ ಹೊಗೆ ಶುದ್ಧಗೊಳಿಸುವ ಉಪಕರಣಕ್ಕೆ ಇಷ್ಟು ಶುದ್ಧ ಡೀಸೆಲ್ಲೇ ಬೇಕು.

ಈ ಗಾಡಿಗಳಲ್ಲಿ ಡ್ರೈವರುಗಳು ಬರಿದೇ 'ಯೂರಿಯಾ' ಎನ್ನುವ ಡಿಇಎಫ್ ದ್ರಾವಣದ ಟ್ಯಾಂಕೂ ಇರುತ್ತದೆ. ಅದು ಶೇ. 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಹೆಸರು ಕೇಳಿ ಹೊಲಕ್ಕೆ ತಂದ ಗೊಬ್ಬರವನ್ನೇ ಬೋರಿನ ನೀರಿನಲ್ಲಿ ಕಲಸಿ ಹಾಕಿದರೆ ಕೆಟ್ಟಿತೆಂದೇ ಲೆಕ್ಕ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುತ್ತದೆ, ನೀರಿನಲ್ಲಿ ಸುಣ್ಣದಂಶ. ನಳಿಕೆ ಕಟ್ಟಿ ಎಂಜಿನ್ ಶಕ್ತಿ ತಾನೇ ಇಳಿಯುತ್ತದೆ. ರಿಪೇರಿ ಖರ್ಚಿನ ಮುಂದೆ ಉಳಿಸಿದ ದುಡ್ಡು ಏನೂ ಅಲ್ಲ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧವೂ ಹೌದು.

ಸಿಎನ್‌ಜಿ ಲಾರಿ ಬಯಲು ಸೀಮೆಯ ನಿಗದಿತ ಓಡಾಟಕ್ಕೆ ಸರಿ. ನೀಲಗಿರಿಯಂಥ ಘಾಟಿಯಲ್ಲಿ ಭಾರ ಎಳೆಯಲು ಡೀಸೆಲ್ಲೇ ವಾಸಿ. ಕೊಳ್ಳುವ ಮೊದಲು ದಾರಿಯಲ್ಲಿ ಗ್ಯಾಸ್ ಸಿಗುವ ಜಾಗಗಳನ್ನು ವಿಚಾರಿಸಿಕೊಳ್ಳಬೇಕು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಬೇಕು.